ಮೈನ್‌ಕ್ರಾಫ್ಟ್ ಉಗ್ರಾಣಕ್ಕೆ ಯಾವ ಹಳೇ ವ್ಯಾಪಾರಿ ಕಟ್ಟಡ? ಐದು ಮಾದರಿಗಳ ಹೋಲಿಕೆ

ಮೈನ್‌ಕ್ರಾಫ್ಟ್‌ನಲ್ಲಿ ಸರಕನ್ನು ತಾನೇ ವಿಂಗಡಿಸಿಕೊಳ್ಳುವ ಒಂದು ದೊಡ್ಡ ಉಗ್ರಾಣ ಬೇಕು, ಅದು ಹಳೇ ಕಾಲದ ವ್ಯಾಪಾರಿಗಳ ಗೋದಾಮಿನ ಹಾಗೆ ಕಾಣಬೇಕು. ಈ ಆಸೆ ಹೊತ್ತವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಯಾವ ಕಟ್ಟಡ ಚೆನ್ನಾಗಿ ಕಾಣುತ್ತದೆ? ಒಬ್ಬರಿಗೆ ಹ್ಯಾಂಬರ್ಗ್‌ನ ಕೆಂಪು ಇಟ್ಟಿಗೆ ಇಷ್ಟ, ಇನ್ನೊಬ್ಬರಿಗೆ ಅಂಗಳ ಇರುವ ಕಾರವಾನ್ ಸರಾಯಿ (ವ್ಯಾಪಾರಿಗಳು ಸರಕಿನ ಜೊತೆ ತಂಗುವ ಛತ್ರ) ಇಷ್ಟ, ಮತ್ತೊಬ್ಬರು ಎರಡೂ ಬೇಕು ಅಂತ ತಿಂಗಳಾದರೂ ಅಡಿಪಾಯವನ್ನೇ ಹಾಕಿರುವುದಿಲ್ಲ.

ಪ್ರಶ್ನೆಯನ್ನು ಸ್ವಲ್ಪ ಬದಲಾಯಿಸಿಕೊಳ್ಳಿ. ಸರಕು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ಹೋಗಿ ಕೂರುತ್ತದೆ, ನೀವು ಅದನ್ನು ತೆಗೆಯಲು ಎಷ್ಟು ಹೆಜ್ಜೆ ನಡೆಯುತ್ತೀರಿ? ಹಳೇ ವ್ಯಾಪಾರಿಗಳು ಕಟ್ಟಡ ಕಟ್ಟಿದ್ದು ಈ ಲೆಕ್ಕದ ಮೇಲೆ. ಮೂಟೆ ಓಡಾಡುವ ದಾರಿ ಮೊದಲು, ಅದರ ಸುತ್ತ ಗೋಡೆ. ನಾನು ಇದನ್ನು ಉಲ್ಟಾ ಮಾಡಿ ಕೆಟ್ಟವನು. ನನ್ನ ಮೊದಲ ಉಗ್ರಾಣಕ್ಕೆ ಎರಡು ವಾರ ಕೂತು ಇಟ್ಟಿಗೆಯ ಮುಂಭಾಗ ಕಟ್ಟಿದೆ, ಕಮಾನು, ಕಿಟಕಿ, ಗೋಪುರ ಎಲ್ಲ ಆಯಿತು. ಆಮೇಲೆ ಒಳಗೆ ಸಾರ್ಟರ್, ಅಂದರೆ ಸರಕು ವಿಂಗಡಿಸುವ ಯಂತ್ರ, ಇಡಲು ಹೋದರೆ ಹಿಂದೆ ಇದ್ದದ್ದು 3 ಬ್ಲಾಕ್ ಜಾಗ, ಬೇಕಿದ್ದದ್ದು 5. ಮೇಲೆ ಥಳಕು ಒಳಗೆ ಹುಳುಕು ಅಂತಾರಲ್ಲ, ನನ್ನ ಕಟ್ಟಡದಲ್ಲಿ ಹುಳುಕು ಗೋಡೆ ಒಡೆದುಕೊಂಡು ಹೊರಗೇ ಬಂದಿತ್ತು, ಕಾಲುವೆ ಕಡೆಯಿಂದ ನೋಡಿದರೆ ಸಾಲಾಗಿ ಕಂಪೇರೇಟರ್‌ಗಳು (ಪೆಟ್ಟಿಗೆ ಎಷ್ಟು ತುಂಬಿದೆ ಅಂತ ಅಳೆದು ಸಿಗ್ನಲ್ ಕೊಡುವ ಬಿಡಿಭಾಗಗಳು).

ಅಳೆಯುವ ಕೋಲು ಯಾವುದು?

ಮೊದಲು ವೇಗ ನೋಡಿ. ಒಂದು ಹಾಪರ್ (ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಐಟಂ ದಾಟಿಸುವ ಆಲಿಕೆ) ಸೆಕೆಂಡಿಗೆ 2.5 ಐಟಂ ಸಾಗಿಸುತ್ತದೆ, ಅಂದರೆ ಗಂಟೆಗೆ 9,000. ಕೇಳಲು ಜಾಸ್ತಿ ಅನ್ನಿಸುತ್ತದೆ ಅಲ್ವಾ? ಒಂದು ಶಲ್ಕರ್ ಬಾಕ್ಸ್‌ನಲ್ಲಿ (ಸರಕಿನ ಸಮೇತ ಹೊತ್ತೊಯ್ಯಬಹುದಾದ ಪೆಟ್ಟಿಗೆ) 27 ಖಾನೆ, ಖಾನೆಗೆ 64ರ ಲೆಕ್ಕದಲ್ಲಿ 1,728 ಐಟಂ. ಒಂದೇ ಹಾಪರ್ ಸಾಲಿನಲ್ಲಿ ಅದು ಖಾಲಿಯಾಗಲು ಹನ್ನೊಂದೂವರೆ ನಿಮಿಷ ಬೇಕು. ತುಂಬಿದ 54 ಶಲ್ಕರ್ ಬಾಕ್ಸ್ ಇರುವ ಒಂದು ಡಬಲ್ ಚೆಸ್ಟ್ ತಂದು ಸುರಿದರೆ ಹತ್ತು ಗಂಟೆಗೂ ಮೇಲೆ. ಗಣಿಯಿಂದ ಒಂದು ಚೀಲ ತುಂಬಿಕೊಂಡು ಬರುವವರಿಗೆ ಇದು ತೊಂದರೆಯೇ ಅಲ್ಲ. ಐದಾರು ಫಾರ್ಮ್ (ಸರಕನ್ನು ತಾನಾಗಿಯೇ ತಯಾರಿಸುವ ಯಂತ್ರ) ಹಗಲೂ ರಾತ್ರಿ ಓಡಿಸುವವರಿಗೆ ಇದೇ ದೊಡ್ಡ ತಲೆನೋವು. ಅಂಥವರು ಹಾಪರ್ ಸಾಲಿನ ಬದಲು ಹರಿಯುವ ನೀರಿನಲ್ಲಿ ಐಟಂಗಳನ್ನು ತೇಲಿಸಿ, ಕೆಳಗಿನ ಫಿಲ್ಟರ್ ಹಾಪರ್‌ಗಳು (ಒಂದೊಂದೂ ಒಂದೇ ಬಗೆಯ ಐಟಂ ಹಿಡಿಯುವವು) ಹಿಡಿದುಕೊಳ್ಳುವ ಹಾಗೆ ಮಾಡಬೇಕು. ಅದು ಬೇಗ ಹೋಗುತ್ತದೆ, ಆದರೆ ಎಲ್ಲಾದರೂ ಸಿಕ್ಕಿಕೊಂಡ ಐಟಂ 5 ನಿಮಿಷಕ್ಕೆ ಮಾಯ.

ಎರಡನೆಯದು ಯಂತ್ರಕ್ಕೆ ಜಾಗ. ಎಲ್ಲರೂ ಬಳಸುವ ಸಾರ್ಟರ್ ಒಂದು ಐಟಂಗೆ ಒಂದು ಪಟ್ಟಿ, ಪಟ್ಟಿಯ ಅಗಲ 1 ಬ್ಲಾಕ್. ಆಳ, ಚೆಸ್ಟ್ ಸೇರಿ, ಸುಮಾರು 5. ಹಿಂದೆ ನೀವು ನಿಂತು ರಿಪೇರಿ ಮಾಡಲು ಇನ್ನೂ ಒಂದು ಬಿಡಿ, ಇಲ್ಲದಿದ್ದರೆ ಪ್ರತಿ ಸಲ ಗೋಡೆ ಒಡೆಯಬೇಕು. ಮೇಲೆ ಸಾಗಿಸುವ ಸಾಲು, ಅದರ ಕೆಳಗೆ ಫಿಲ್ಟರ್ ಹಾಪರ್, ಅದರ ಕೆಳಗೆ ಚೆಸ್ಟ್‌ಗೆ ತುಂಬುವ ಹಾಪರ್. ಸರಕು ಮೇಲಿಂದ ಕೆಳಗೆ ಇಳಿಯುತ್ತದೆ ಅನ್ನುವುದನ್ನು ಮರೆಯಬೇಡಿ, ಮುಂದೆ ಕಟ್ಟಡ ಆರಿಸುವಾಗ ಇದೇ ತೀರ್ಮಾನ ಮಾಡುವುದು.

ಮೂರನೆಯದು ಖರ್ಚು. ಒಂದು ಪಟ್ಟಿಗೆ 3 ಹಾಪರ್, ಅಂದರೆ 15 ಕಬ್ಬಿಣ. 100 ಪಟ್ಟಿಗೆ 1,500. ಮೇಲಿನ ಸಾಲಿಗೆ ನೀರು ಬಳಸಿದರೆ ಅದರಲ್ಲಿ 500 ಉಳಿಯಿತು. ಪ್ರತಿ ಕಂಪೇರೇಟರ್‌ಗೆ ಒಂದು ಕ್ವಾರ್ಟ್ಜ್ ಬೇಕು, ಅದಕ್ಕೆ ನೆದರ್ ಅನ್ನುವ ಆಟದ ಪಾತಾಳಲೋಕಕ್ಕೆ ಹೋಗಲೇಬೇಕು. ಇದರ ಮೇಲೆ ಗೋಡೆಯ ಖರ್ಚು ಬೇರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ಇಲ್ಲಿ ಇಟ್ಟಿಗೆಯ ವಿಷಯಕ್ಕೆ ಜಾಸ್ತಿ ಅನ್ವಯಿಸುತ್ತದೆ, ಯಾಕೆ ಅಂತ ಹ್ಯಾಂಬರ್ಗ್ ಬಂದಾಗ ಹೇಳುತ್ತೇನೆ.

ಕೊನೆಗೆ, ಬೆಳೆಸಲು ಆಗುತ್ತದಾ ಅನ್ನುವುದು. ಆಟದಲ್ಲಿ ಸಾವಿರಕ್ಕೂ ಹೆಚ್ಚು ಬಗೆಯ ಐಟಂ ಇವೆ, ಪ್ರತಿ ದೊಡ್ಡ ಅಪ್‌ಡೇಟ್‌ನಲ್ಲೂ ಹೊಸದು ಬರುತ್ತದೆ. ನಾಲ್ಕೂ ಕಡೆ ಮುಚ್ಚಿದ ಕಟ್ಟಡಕ್ಕೆ ಹೊಸ ಪಟ್ಟಿ ಸೇರಿಸುವುದು ಕಷ್ಟ.

ಹೊಸಬರಿಗೆ ಮಾತ್ರ: ಫಿಲ್ಟರ್ ಹಾಪರ್‌ನಲ್ಲಿ ಮೊದಲ ಖಾನೆಗೆ ಬೇಕಾದ ಐಟಂ 41, ಉಳಿದ ನಾಲ್ಕು ಖಾನೆಗೆ ಆನ್ವಿಲ್‌ನಲ್ಲಿ (ಕಮ್ಮಾರನ ಅಡಿಗಲ್ಲು) ಬೇರೆ ಹೆಸರು ಕೊಟ್ಟ ಐಟಂ ಒಂದೊಂದು. ಒಟ್ಟು 45, ಕಂಪೇರೇಟರ್ ಸಿಗ್ನಲ್ 2. ಇನ್ನೊಂದು ಬಂದರೆ 46, ಸಿಗ್ನಲ್ 3 ಆಗುತ್ತದೆ, ಕೆಳಗಿನ ಹಾಪರ್‌ನ ಬೀಗ ತೆಗೆದು ಒಂದು ಐಟಂ ಇಳಿಯುತ್ತದೆ. ಎಂಡರ್ ಮುತ್ತು, ಮೊಟ್ಟೆ ಹಾಗೆ 16ರ ರಾಶಿ ಕಟ್ಟುವ ಐಟಂಗೆ 41ರ ಬದಲು 10 ಸಾಕು. ಕತ್ತಿ, ಕವಚದಂಥ ರಾಶಿ ಕಟ್ಟದ ಐಟಂಗಳು ಈ ಫಿಲ್ಟರ್‌ಗೆ ಸಿಗುವುದೇ ಇಲ್ಲ, ಅವು ಸಾಲಿನ ಕೊನೆಯ ಚೆಸ್ಟ್‌ಗೆ ಹೋಗಿ ಬೀಳುತ್ತವೆ.

ಹಾನ್, ಅಂದರೆ ಕಾರವಾನ್ ಸರಾಯಿ

ನನಗೆ ಹೆಚ್ಚು ಇಷ್ಟವಾದದ್ದನ್ನೇ ಮೊದಲು ಹೇಳಿಬಿಡುತ್ತೇನೆ. ಮಧ್ಯೆ ತೆರೆದ ಅಂಗಳ, ಸುತ್ತ ಕಮಾನಿನ ಕೈಸಾಲೆ, ಒಳಗೆ ಬರಲು ಒಂದೇ ಹೆಬ್ಬಾಗಿಲು. ಕೆಳಗೆ ಸರಕಿನ ಕೋಣೆಗಳು, ಮೇಲೆ ವ್ಯಾಪಾರಿಗಳು ಉಳಿಯುವ ಕೋಣೆಗಳು. ಇಸ್ರೇಲಿನ ಆಕ್ರೆ ಪಟ್ಟಣದಲ್ಲಿ 1784ರಲ್ಲಿ ಕಟ್ಟಿದ ಖಾನ್ ಅಲ್-ಉಮ್ದಾನ್ (ಖಾನ್, ಹಾನ್ ಎರಡೂ ಒಂದೇ ಮಾತು) ಹೀಗೇ ಇದೆ, ಅದರ ಕಂಬಗಳನ್ನು ಹಳೇ ಕೈಸರಿಯಾ ಊರಿನ ಅವಶೇಷಗಳಿಂದ ತಂದಿದ್ದರು. ಕೈರೋದಲ್ಲಿ ಇದನ್ನೇ ವಿಕಾಲಾ ಅನ್ನುತ್ತಾರೆ. ಅಲ್ಲಿನ 1504-05ರ ಅಲ್-ಘೂರಿ ವಿಕಾಲಾ ಐದು ಅಂತಸ್ತು ಏರುತ್ತದೆ, ಆದರೆ ಲೆಕ್ಕ ಅದೇ: ಸರಕು ಕೆಳಗೆ, ಜನ ಮೇಲೆ.

ಅಂಗಳದ ಮಧ್ಯೆ ನಿಂತರೆ ಎಲ್ಲ ಕೋಣೆಗೂ ದೂರ ಹೆಚ್ಚುಕಮ್ಮಿ ಒಂದೇ. ಹತ್ತು ಬಗೆಯ ಬ್ಲಾಕ್ ಒಟ್ಟಿಗೆ ಬೇಕಾದಾಗ ಈ ಸುಖ ಗೊತ್ತಾಗುತ್ತದೆ. ಉದ್ದ ಸಾಲಿನ ಉಗ್ರಾಣದಲ್ಲಿ ಈ ತುದಿಯಿಂದ ಆ ತುದಿಗೆ ಓಡಬೇಕು.

ಮೇಲೆ ಹೇಳಿದ ರೆಡ್‌ಸ್ಟೋನ್ (ಆಟದಲ್ಲಿ ವಿದ್ಯುತ್ತಿನ ಹಾಗೆ ಕೆಲಸ ಮಾಡುವ ಪುಡಿ) ಸಾರ್ಟರ್ ಇಟ್ಟರೆ ಒಂದು ತೊಂದರೆ ಇದೆ. ಮೂಲೆಗಳು. ಎರಡು ಗೋಡೆ ಸೇರುವ ಜಾಗದಲ್ಲಿ ಎರಡೂ ಕಡೆಯ ಯಂತ್ರ ಒಂದರ ಮೇಲೊಂದು ಬೀಳದಿರಲಿ ಅಂತ ಪ್ರತಿ ಮೂಲೆಯಲ್ಲೂ ಕೆಲವು ಪಟ್ಟಿ ಬಿಟ್ಟುಕೊಡಬೇಕು. ನಾಲ್ಕು ಮೂಲೆಗೂ ಗೋಪುರ ಅಥವಾ ಮೆಟ್ಟಿಲು ಇಟ್ಟುಬಿಡಿ, ಹಳೇ ಹಾನ್‌ಗಳಲ್ಲೂ ಮೆಟ್ಟಿಲಿಗೆ ಇಂಥ ಜಾಗ ಸಿಗುತ್ತದೆ. ಯಂತ್ರ ಮಾತ್ರ ಕೋಣೆಗಳ ಹಿಂದೆ, ಹೊರಗೋಡೆಗೆ ಅಂಟಿಕೊಂಡಿರಲಿ. ಹಾನ್‌ಗಳ ಹೊರಗೋಡೆ ದಪ್ಪ, ಕಿಟಕಿ ಕಡಿಮೆ, ಹಾಗಾಗಿ 6 ಬ್ಲಾಕ್ ದಪ್ಪ ಕಟ್ಟಿದರೂ ನೋಡುವವರಿಗೆ ವಿಚಿತ್ರ ಅನ್ನಿಸುವುದಿಲ್ಲ. ಹ್ಯಾಂಬರ್ಗ್ ಮಾದರಿಯಲ್ಲಿ ಈ ಆಟ ನಡೆಯುವುದಿಲ್ಲ.

ಆದರೆ ಹಾನ್‌ಗೆ ನಿಜವಾದ ಜೋಡಿ ತಾಮ್ರದ ಗೊಲೆಮ್. 2025ರಲ್ಲಿ ಆಟದ 1.21.9 ಅಪ್‌ಡೇಟ್ ಜೊತೆ ಬಂದ ಈ ಪುಟ್ಟ ಆಸಾಮಿ ತಾಮ್ರದ ಚೆಸ್ಟ್‌ನಿಂದ ಒಂದು ಸಲಕ್ಕೆ 16ರವರೆಗೆ ಐಟಂ ಎತ್ತಿಕೊಂಡು, ಅದೇ ಐಟಂ ಇರುವ ಮರದ ಚೆಸ್ಟ್ ಹುಡುಕಿ ಇಟ್ಟುಬರುತ್ತದೆ. ಪಕ್ಕಾ ಹಮಾಲಿ. ಹಾನ್‌ಗಳಲ್ಲಿ ಮೂಟೆ ಹೊರುತ್ತಿದ್ದವರನ್ನೂ ಹಮ್ಮಾಲ್ ಅಂತಲೇ ಕರೆಯುತ್ತಿದ್ದರು, ನಮ್ಮ ಹಮಾಲಿ ಬಂದದ್ದು ಅದೇ ಅರಬ್ಬಿ ಮಾತಿನಿಂದ. ಹಾಪರ್ ಬೇಡ, ಕಂಪೇರೇಟರ್ ಬೇಡ, ನೆದರ್‌ಗೆ ಹೋಗುವುದೂ ಬೇಡ. ಒಂದು ತಾಮ್ರದ ಬ್ಲಾಕ್, ಮೇಲೊಂದು ಕೆತ್ತಿದ ಕುಂಬಳಕಾಯಿ, ಆಯಿತು.

ಗೊಲೆಮ್ ಚೆಸ್ಟ್ ಹುಡುಕುವುದು ಅಡ್ಡಕ್ಕೆ 32 ಬ್ಲಾಕ್, ಮೇಲೆ ಕೆಳಗೆ 8 ಬ್ಲಾಕ್ ದೂರದವರೆಗೆ. ಒಂದು ಅಂಗಳ, ಸುತ್ತ ಒಂದೋ ಎರಡೋ ಅಂತಸ್ತು ಅಂದರೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ. ಖಾಲಿ ಚೆಸ್ಟ್ ಕಂಡರೆ ಕೈಯಲ್ಲಿದ್ದದ್ದನ್ನು ಅಲ್ಲೇ ಹಾಕಿಬಿಡುತ್ತದೆ, ಅದಕ್ಕೆ ಪ್ರತಿ ಚೆಸ್ಟ್‌ನಲ್ಲೂ ಗುರುತಿಗೆ ಒಂದು ಐಟಂ ಬಿಟ್ಟಿರಿ. ಬ್ಯಾರೆಲ್‌ಗೆ ಹಾಕುವುದಿಲ್ಲ. ಮೈಗೆ ಜೇನುಮೇಣ ಹಚ್ಚದಿದ್ದರೆ ಹಸಿರುಗಟ್ಟುತ್ತಾ ಹೋಗಿ ಒಂದು ದಿನ ಪ್ರತಿಮೆಯಾಗಿ ನಿಂತುಬಿಡುತ್ತದೆ. ನನ್ನದರಲ್ಲಿ ಮೂರು ಹಾಗೇ ನಿಂತವು, ಒಂದು ಬಾಗಿಲ ಹತ್ತಿರ ಎಷ್ಟು ಚೆನ್ನಾಗಿ ಕಂಡಿತೆಂದರೆ ಕೊಡಲಿಯಿಂದ ಕೆರೆದು ಎಬ್ಬಿಸಲು ಮನಸ್ಸೇ ಬರಲಿಲ್ಲ. ನಿಜವಾದ ಕೊರತೆ ವೇಗ. ಒಂದು ಶಲ್ಕರ್ ಬಾಕ್ಸ್ ಸರಕಿಗೆ 108 ಸುತ್ತು ನಡೆಯಬೇಕು. ನಾಲ್ಕೈದು ಗೊಲೆಮ್ ಬಿಟ್ಟರೂ ಇದು ಚೀಲ ತುಂಬಿಕೊಂಡು ಬರುವವರ ಉಗ್ರಾಣ, ಫಾರ್ಮ್ ಮಾಲೀಕರದ್ದಲ್ಲ.

ಹ್ಯಾಂಬರ್ಗ್‌ನ ಸ್ಪೈಖರ್‌ಸ್ಟಾಟ್

ಎಲ್ಲರ ಕಣ್ಣು ಬೀಳುವುದು ಇದರ ಮೇಲೆ. 1883ರಲ್ಲಿ ಶುರು ಮಾಡಿ 1927ರವರೆಗೆ ಕಟ್ಟಿದ ಗೋದಾಮುಗಳ ಸಾಲು, 2015ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಕೆಂಪು ಇಟ್ಟಿಗೆ, ಅಡಿಯಲ್ಲಿ ಮರದ ಕಂಬಗಳ ಬುನಾದಿ, ಅಲ್ಲಲ್ಲಿ ಹಸಿರುಗಟ್ಟಿದ ತಾಮ್ರ. ಒಂದು ಮುಖ ಕಾಲುವೆಗೆ, ಇನ್ನೊಂದು ಮುಖ ರಸ್ತೆಗೆ. ದೋಣಿಯಲ್ಲಿ ಬಂದ ಮೂಟೆಯನ್ನು ಮೇಲಿನ ತೊಲೆಗೆ ಕಟ್ಟಿದ ರಾಟೆಯಿಂದ ಎತ್ತಿ, ಬೇಕಾದ ಅಂತಸ್ತಿನ ಬಾಗಿಲಿಗೆ ಎಳೆದುಕೊಳ್ಳುತ್ತಿದ್ದರು.

ಆ ರಾಟೆಯ ಜಾಗದಲ್ಲಿ ಮೈನ್‌ಕ್ರಾಫ್ಟ್‌ನಲ್ಲಿ ಏನಿಡಬಹುದು? ಗುಳ್ಳೆಗಳ ಕಂಬ. ತಳದಲ್ಲಿ ಸೋಲ್ ಸ್ಯಾಂಡ್ ಅನ್ನುವ ಮರಳು, ಮೇಲೆ ಉದ್ದಕ್ಕೂ ಮೂಲ ನೀರು, ಅಂದರೆ ಹರಿಯದೆ ತುಂಬಿ ನಿಂತ ನೀರು (ಕೆಲ್ಪ್ ಅನ್ನುವ ನೀರುಗಿಡ ನೆಟ್ಟು ಕಿತ್ತರೆ ಹರಿಯುವ ನೀರೆಲ್ಲ ಮೂಲ ನೀರಾಗುತ್ತದೆ), ಐಟಂಗಳು ತಾವೇ ಮೇಲೇರುತ್ತವೆ. ಕಂಬವನ್ನು ರಾಟೆಯ ತೊಲೆಯ ನೇರಕ್ಕೆ ಗೋಡೆಯೊಳಗೆ ಇಟ್ಟರೆ ಹೊರಗಿನ ಅಲಂಕಾರಕ್ಕೂ ಒಳಗಿನ ಕೆಲಸಕ್ಕೂ ಹೊಂದಿಕೆ. ಸರಕು ಅಟ್ಟಕ್ಕೆ ಹೋಗುತ್ತದೆ, ಅಲ್ಲಿಂದ ಮೊದಲ ಅಂತಸ್ತಿನ ಫಿಲ್ಟರ್ ಸಾಲು, ಅಲ್ಲಿ ಯಾರಿಗೂ ಬೇಡವಾದದ್ದು ಕೆಳಗಿನ ಸಾಲಿಗೆ, ಹೀಗೆ ಇಳಿಯುತ್ತಾ ಕೊನೆಗೆ ನೆಲಮಾಳಿಗೆಯ ಚೆಸ್ಟ್‌ಗೆ. ಎತ್ತುವ ಕೆಲಸ ಒಂದೇ ಸಲ, ಉಳಿದದ್ದೆಲ್ಲ ಇಳಿಜಾರು. ಸಾರ್ಟರ್ ಹೇಗೂ ಮೇಲಿಂದ ಕೆಳಕ್ಕೆ ಕೆಲಸ ಮಾಡುವ ಯಂತ್ರ, ಹಾಗಾಗಿ ನೂರಾರು ಐಟಂ ಇದ್ದರೆ ಇದಕ್ಕಿಂತ ಹೊಂದುವ ಕಟ್ಟಡ ಇಲ್ಲ. ಇಡೀ ಯಂತ್ರ ಕಡಿಮೆ ಚಂಕ್‌ಗಳಲ್ಲಿ (ಆಟ ಒಂದೊಂದಾಗಿ ಲೋಡ್ ಮಾಡುವ ಪ್ರಪಂಚದ ತುಂಡುಗಳು) ಮುಗಿಯುತ್ತದೆ, ಅದು ದೊಡ್ಡ ಲಾಭ. ಉದ್ದಕ್ಕೆ ಚಾಚಿದ ಸಾಲಿನ ಅರ್ಧ ಚಂಕ್ ಲೋಡ್ ಆಗಿ ಇನ್ನರ್ಧ ಆಗದಿದ್ದರೆ ಮಧ್ಯದಲ್ಲಿ ಸರಕು ನಿಂತುಹೋಗುತ್ತದೆ.

ಈಗ ಖರ್ಚಿನ ಲೆಕ್ಕ ನೋಡೋಣ. 20 ಅಗಲ, 15 ಆಳ, 25 ಎತ್ತರದ ಸಾಧಾರಣ ಗೋದಾಮು ಅಂದುಕೊಳ್ಳಿ. ಕಿಟಕಿ ಬಿಟ್ಟು ನಾಲ್ಕು ಗೋಡೆಗೆ ಸುಮಾರು 1,750 ಇಟ್ಟಿಗೆ ಬ್ಲಾಕ್. ಒಂದು ಬ್ಲಾಕಿಗೆ ನಾಲ್ಕು ಇಟ್ಟಿಗೆ, ಅಂದರೆ 7,000 ಜೇಡಿ ಉಂಡೆ ಸುಡಬೇಕು. ಬ್ಲಾಸ್ಟ್ ಫರ್ನೆಸ್ ಇದನ್ನು ಸುಡುವುದಿಲ್ಲ, ಸಾಮಾನ್ಯ ಕುಲುಮೆಯಲ್ಲಿ ಒಂದಕ್ಕೆ 10 ಸೆಕೆಂಡು. ಒಂದೇ ಕುಲುಮೆಗೆ ಹತ್ತೊಂಬತ್ತು ಗಂಟೆಗೂ ಮೇಲೆ ಆಯಿತು. ಹದಿನಾರು ಕುಲುಮೆ ಇಟ್ಟರೆ ಒಂದೂಕಾಲು ಗಂಟೆಯೊಳಗೆ ಮುಗಿಯುತ್ತದೆ, ಆದರೆ ಜೇಡಿ ಅಗೆಯುವ ಕೆಲಸ ನಿಮ್ಮದೇ. ಜೇಡಿ ಹೇರಳವಾಗಿರುವ ಲಶ್ ಗುಹೆ ಸಿಕ್ಕಿದ್ದರೆ ಅದೃಷ್ಟ. ಹಳ್ಳಿಯ ಮೇಸನ್ ಹತ್ತಿರ ಒಂದು ಎಮರಾಲ್ಡ್‌ಗೆ 10 ಇಟ್ಟಿಗೆ ಸಿಗುತ್ತದೆ, ಎಮರಾಲ್ಡ್ ಕೊಳೆಯುತ್ತಾ ಬಿದ್ದಿದ್ದರೆ ಅದೇ ಸುಲಭ. ಎರಡೂ ಇಲ್ಲದಿದ್ದರೆ ಕಣ್ಣಿಗೆ ಕಾಣುವ ಎರಡು ಮುಖಕ್ಕೆ ಮಾತ್ರ ಇಟ್ಟಿಗೆ ಹಾಕಿ, ಪಕ್ಕದ ಗೋಡೆಗೆ ಗ್ರಾನೈಟ್ ಸಾಕು. ದೂರದಿಂದ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನೊಂದು ಕಷ್ಟ ನಿಮ್ಮ ಕಾಲಿಗೆ. ಸರಕು ತಾನೇ ಇಳಿಯುತ್ತದೆ, ನೀವು ಹತ್ತಬೇಕು. ಐದು ಅಂತಸ್ತು ಹತ್ತಿ ಇಳಿಯುವುದು ದಿನಕ್ಕೆ ಇಪ್ಪತ್ತು ಸಲ ಆದರೆ ಬೇಸರ ಬಂದೇ ಬರುತ್ತದೆ. ನಿಮಗೂ ಒಂದು ಗುಳ್ಳೆ ಕಂಬ ಇಟ್ಟುಕೊಳ್ಳಿ, ಮತ್ತು ದಿನಾ ಬೇಕಾಗುವ ಮರ, ಕಲ್ಲು, ಊಟದ ಸಾಲುಗಳನ್ನು ನೆಲದ ಅಂತಸ್ತಿಗೆ ತನ್ನಿ. ನಾನು ಮೊದಲು ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದ್ದೆ. ದಡ್ಡತನ. ಕಲ್ಲು ಅಟ್ಟದಲ್ಲಿ, ವರ್ಷಕ್ಕೊಮ್ಮೆ ಬೇಕಾಗುವ ಬಣ್ಣ ಬಾಗಿಲಲ್ಲಿ.

ರೋಮಿನ ಹೊರಿಯಾ

ರೋಮ್ ನಗರದ ಸಾರ್ವಜನಿಕ ಉಗ್ರಾಣಗಳಿಗೆ ಹೊರಿಯಾ ಅಂತ ಹೆಸರು. ಹೊರಿಯಾ ಗಾಲ್ಬೆ ಅನ್ನುವುದರಲ್ಲಿ ನೆಲದ ಅಂತಸ್ತೊಂದರಲ್ಲೇ 140 ಕೋಣೆ ಇದ್ದವು. ಉದ್ದುದ್ದ ಸಾಲುಗಳು, ಬೆನ್ನಿಗೆ ಬೆನ್ನು ಕೊಟ್ಟ ಕೋಣೆಗಳು, ಮಧ್ಯೆ ಅಂಗಳ, ಗೋಡೆಯಲ್ಲಿ ಸೀಳಿನಂಥ ಸಣ್ಣ ಕಿಟಕಿ. ಓಸ್ಟಿಯಾ ಬಂದರಿನ ಕಣಜಗಳಲ್ಲಿ ನೆಲವನ್ನು ಗಿಡ್ಡ ಗೋಡೆಗಳ ಮೇಲೆ ಎತ್ತಿ ಕಟ್ಟಿದ್ದರು, ಅಡಿಯಲ್ಲಿ ಗಾಳಿಯಾಡಿ ಕಾಳು ಒಣಗಿರಲಿ ಅಂತ.

ಎತ್ತಿದ ನೆಲ ಅಂದ ತಕ್ಷಣ "ಆಹಾ, ಸಾರ್ಟರನ್ನು ಅದರ ಕೆಳಗೆ ಬಚ್ಚಿಡಬಹುದು" ಅನ್ನಿಸುತ್ತದೆ. ಬಲೆಗೆ ಬೀಳಬೇಡಿ. ಸರಕು ಮೇಲಿಂದ ಇಳಿಯಬೇಕು ಅಂತ ಆಗಲೇ ಹೇಳಿದೆ, ಯಂತ್ರ ನೆಲದಡಿ ಹೋದರೆ ಚೆಸ್ಟ್ ಇನ್ನೂ ಕೆಳಗೆ ಹೋಗುತ್ತದೆ. ಮೇಲಿನ ಚೆಸ್ಟ್‌ನಿಂದ ಹಾಪರ್ ಇಳಿಸಿ ಕೆಳಗೆ ಇನ್ನೊಂದು ಇಟ್ಟರೂ, ಮೊದಲು ತುಂಬುವುದು ಕೆಳಗಿನದು, ನಿಮ್ಮ ಕೈಗೆ ಸಿಗುವ ಚೆಸ್ಟ್ ತಿಂಗಳುಗಟ್ಟಲೆ ಖಾಲಿ. ಯಂತ್ರಕ್ಕೆ ಸರಿಯಾದ ಜಾಗ ಬೆನ್ನಿಗೆ ಬೆನ್ನು ಕೊಟ್ಟ ಎರಡು ಸಾಲುಗಳ ನಡುವೆ. ಅಲ್ಲಿ 9 ಬ್ಲಾಕ್ ಓಣಿ ಬಿಟ್ಟರೆ ಎರಡೂ ಕಡೆಯ ಸಾರ್ಟರ್ ಕೂತು ಮಧ್ಯೆ ನಿಮಗೆ ಓಡಾಡಲೂ ಜಾಗ ಇರುತ್ತದೆ. ಎತ್ತಿದ ನೆಲವನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ: ಪ್ರತಿ ಕೋಣೆಯ ಮುಂದೆ ನೆಲದಲ್ಲಿ ಒಂದು ತೂತು, ಅಡಿಯಲ್ಲಿ ನೀರು. ಬೇಡವಾದದ್ದನ್ನು ತೂತಿಗೆ ಎಸೆದರೆ ಹರಿದು ಮತ್ತೆ ಒಳದಾರಿಗೆ ಬರುತ್ತದೆ. ಇಷ್ಟು ಚಿಕ್ಕ ಸೌಕರ್ಯ, ಆದರೆ ಒಮ್ಮೆ ರೂಢಿಯಾದರೆ ಬಿಡುವುದು ಕಷ್ಟ.

ಒಂದೇ ಅಂತಸ್ತು, ಹತ್ತುವ ಕೆಲಸ ಇಲ್ಲ, ಹಂಚಿನ ಮಾಡು ಸುಲಭ, ಗೋಡೆಗೆ ಮಣ್ಣಿನ ಇಟ್ಟಿಗೆ ಸಾಕು. ತೊಂದರೆ ವಿಸ್ತಾರ. ನೆಲ ಸಮ ಮಾಡಲೇ ವಾರ ಹಿಡಿಯುತ್ತದೆ, ಚಂಕ್ ಗಡಿಗಳನ್ನು ಹತ್ತಾರು ಕಡೆ ದಾಟುತ್ತದೆ. ನೋಡಲು ಸ್ವಲ್ಪ ಸಪ್ಪೆ ಅಂತಲೂ ಹೇಳಬೇಕು. ಒಂದು ಒಳ್ಳೆ ಬಾಗಿಲು ಕಟ್ಟಿ ಮೇಲೆ ಹೆಸರು ಕೆತ್ತಿ, ಓಸ್ಟಿಯಾದಲ್ಲಿ ಎಪಗಾಥಸ್ ಮತ್ತು ಎಪಫ್ರೊಡಿಟಸ್ ಅನ್ನುವ ಇಬ್ಬರು ತಮ್ಮ ಉಗ್ರಾಣದ ಬಾಗಿಲ ಮೇಲೆ ಮಾಡಿದ್ದು ಅದನ್ನೇ.

ಕೈಯಲ್ಲಿ ಏನೂ ಇಲ್ಲದಿದ್ದರೆ ಬ್ರಿಗೆನ್

ನಾರ್ವೆಯ ಬೆರ್ಗೆನ್ ಬಂದರಿನಲ್ಲಿ ಹಾನ್ಸಾ ಅನ್ನುವ ಜರ್ಮನ್ ವ್ಯಾಪಾರಿ ಕೂಟದವರು 1360ರ ಸುಮಾರಿಗೆ ಕಚೇರಿ ಹಾಕಿ ಒಣಮೀನಿನ ವ್ಯಾಪಾರ ನಡೆಸಿದ ಜಾಗ ಇದು. ನೀರಿಗೆ ಮುಖ ಮಾಡಿದ ಕಿರಿದಾದ ಮರದ ಮನೆಗಳು, ನಡುವೆ ಮರದ ಹಲಗೆಯ ಸಂದಿಗಳು. ಎಲ್ಲ ಮರ, ಹಾಗಾಗಿ ಪದೇ ಪದೇ ಸುಟ್ಟಿದೆ. ಈಗ ಕಾಣುವ ರೂಪ 1702ರ ಬೆಂಕಿಯ ನಂತರದ್ದು, 1955ರಲ್ಲಿ ಮತ್ತೊಂದು ಭಾಗ ಹೋಯಿತು. ವ್ಯಾಪಾರಿಗಳಿಗೆ ಇದು ಗೊತ್ತಿತ್ತು, ಬೆಲೆಬಾಳುವ ಸರಕನ್ನು ಹಿಂಭಾಗದ ಕಲ್ಲಿನ ನೆಲಮಾಳಿಗೆಗಳಲ್ಲಿ ಇಡುತ್ತಿದ್ದರು.

ಮರ ಮಾತ್ರ ಇರುವ ಆರಂಭದ ದಿನಗಳಿಗೆ ಇದರಷ್ಟು ಅಗ್ಗದ್ದು ಇಲ್ಲ. ಇವತ್ತು ಒಂದು ಮನೆ, ಅದರಲ್ಲಿ ಏಳು ಪಟ್ಟಿ. ಕಬ್ಬಿಣ ಸಿಕ್ಕಾಗ ಪಕ್ಕದಲ್ಲಿ ಇನ್ನೊಂದು. ಮನೆಗಳ ಹಿಂದೆ ಒಂದೇ ಸಾಗಣೆ ಸಾಲು ಓಡಲಿ, ಸಂದಿಗಳಿಂದ ನುಗ್ಗಿ ರಿಪೇರಿ ಮಾಡಿ. ಬೆಳೆಸುವ ವಿಷಯದಲ್ಲಿ ಐದರಲ್ಲಿ ಇದಕ್ಕೇ ಮೊದಲ ಸ್ಥಾನ. ವಜ್ರ, ಶಲ್ಕರ್ ಬಾಕ್ಸ್ ಮಾತ್ರ ಹಿಂದಿನ ಕಲ್ಲಿನ ಮಾಳಿಗೆಗೆ ಹೋಗಲಿ, ಮತ್ತು ಮೊದಲ ಮನೆಯ ಜೊತೆಗೇ ಒಂದು ಸಿಡಿಲು ಕಂಬ ನೆಡಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕಥೆ ನಿಮ್ಮದಾಗುವುದು ಬೇಡ.

ವೆನಿಸ್‌ನ ಫೊಂಡಾಕೊ, ಸರ್ವರ್‌ನಲ್ಲಿ ಆಡುವವರಿಗೆ

ರಿಯಾಲ್ಟೊ ಸೇತುವೆ ಪಕ್ಕದ ಫೊಂಡಾಕೊ ದೇಯಿ ತೆದೆಸ್ಕಿ ಜರ್ಮನ್ ವ್ಯಾಪಾರಿಗಳಿಗೆ ಅಂತ ಇದ್ದ ಕಟ್ಟಡ. 1228ರಿಂದಲೂ ಅಲ್ಲಿ ಇತ್ತು, 1505ರ ಬೆಂಕಿಯ ಮೇಲೆ 1508ರ ಹೊತ್ತಿಗೆ ಹೊಸದಾಗಿ ಕಟ್ಟಿದರು. ಫೊಂಡಾಕೊ ಅನ್ನುವ ಮಾತು ಅರಬ್ಬಿಯ ಫುಂದುಕ್‌ನಿಂದ ಬಂದದ್ದು, ಅಂದರೆ ಇದು ನೀರಿಗೆ ಬಾಗಿಲು ತೆರೆದ ಹಾನ್. ವ್ಯಾಪಾರಿಗಳು ಅಲ್ಲೇ ಉಳಿಯಬೇಕು, ಸರಕು ಅಲ್ಲೇ ಇಳಿಸಬೇಕು, ಸುಂಕ ಅಲ್ಲೇ ಕಟ್ಟಬೇಕು.

ಒಬ್ಬರೇ ಆಡುವವರಿಗೆ ಇದು ಸುಮ್ನೆ ಖರ್ಚು, ಹಾನ್ ಕೊಡುವುದನ್ನೇ ಕೊಡುತ್ತದೆ. ಎಂಟು ಹತ್ತು ಜನ ಸೇರಿ ಆಡುವ ಸರ್ವರ್‌ನಲ್ಲಿ ಮಾತ್ರ ಇದರ ಬೆಲೆ ಗೊತ್ತಾಗುತ್ತದೆ. ಸುರಿಯಲು ಎಲ್ಲರಿಗೂ ಒಂದೇ ಜಾಗ, ಕೆಳಗೆ ಹಂಚಿಕೊಂಡ ಉಗ್ರಾಣ, ಮೇಲೆ ಒಬ್ಬೊಬ್ಬರಿಗೆ ಒಂದು ಕೋಣೆ. ಸುರಿಯುವ ಕಡೆ ಶಲ್ಕರ್ ಬಾಕ್ಸ್ ಬಿಚ್ಚುವ ಯಂತ್ರ ಇಡಿ: ಡಿಸ್ಪೆನ್ಸರ್ ಬಾಕ್ಸ್ ಇಡುತ್ತದೆ, ಅಡಿಯ ಹಾಪರ್ ಖಾಲಿ ಮಾಡುತ್ತದೆ, ಪಿಸ್ಟನ್ ಒಡೆದು ಖಾಲಿ ಬಾಕ್ಸನ್ನು ಬೀಳಿಸುತ್ತದೆ. ಅಂಥವು ನಾಲ್ಕು ಇಟ್ಟು ನೀರಿಗೆ ಬಿಟ್ಟರೆ ಸರತಿ ನಿಲ್ಲುವುದು ತಪ್ಪುತ್ತದೆ. ಸುಂಕ ಹಾಕುವುದು ಬಿಡುವುದು ನಿಮ್ಮ ಗೆಳೆಯರ ಸಹನೆಗೆ ಬಿಟ್ಟದ್ದು.

ಹಂಪಿಯ ಬಜಾರು ಯಾಕಿಲ್ಲ ಅಂತ ಕೇಳುವವರು ಇದ್ದೇ ಇರುತ್ತಾರೆ. ಕಲ್ಲುಕಂಬದ ಮಂಟಪಗಳ ಆ ಉದ್ದ ಸಾಲು ನನಗೂ ಇಷ್ಟವೇ, ಆದರೆ ಅದು ಸರಕು ತೋರಿಸಿ ಮಾರುವ ರೂಪ, ಬಚ್ಚಿಡುವ ರೂಪ ಅಲ್ಲ. ಯಂತ್ರ ಮುಚ್ಚಲು ಹಿಂದೆ ದಪ್ಪ ಗೋಡೆ ಬೇಕು, ಅಲ್ಲಿ ಸೊಗಸು ಇರುವುದೇ ತೆರೆದ ಕಂಬಗಳಲ್ಲಿ. ಹಳ್ಳಿಗರ ಜೊತೆ ವ್ಯಾಪಾರ ಮಾಡುವ ಜಾಗಕ್ಕೆ ಅದನ್ನು ಇಟ್ಟುಕೊಳ್ಳಿ, ಒಂದು ಮಂಟಪಕ್ಕೆ ಒಬ್ಬ.

ಹಾಗಾದರೆ ಯಾವುದು?

ಆಟ ಶುರು ಮಾಡಿ ವಾರವೂ ಆಗಿಲ್ಲ ಅಂದರೆ ಬ್ರಿಗೆನ್, ಯೋಚನೆಯೇ ಬೇಡ. ರೆಡ್‌ಸ್ಟೋನ್ ಅಂದರೆ ಭಯ, ಸರಕು ಮಿತ, ನೋಡಲು ಜೀವ ತುಂಬಿರಬೇಕು ಅಂದರೆ ಹಾನ್ ಮತ್ತು ನಾಲ್ಕು ತಾಮ್ರದ ಹಮಾಲಿಗಳು. ಫಾರ್ಮ್‌ಗಳು ಓಡುತ್ತಿವೆ, ಶಲ್ಕರ್ ಬಾಕ್ಸ್ ಲೆಕ್ಕಕ್ಕಿಲ್ಲ, ಜೇಡಿಯೋ ಎಮರಾಲ್ಡೋ ಸಾಕಷ್ಟಿದೆ ಅಂದರೆ ಹ್ಯಾಂಬರ್ಗ್, ಅದೂ ನೀರಿನ ಸಾಲಿನ ಜೊತೆ. ಹತ್ತುವುದು ಇಷ್ಟವಿಲ್ಲ, ಬಯಲು ಜಾಗ ಬೇಕಾದಷ್ಟಿದೆ ಅಂದರೆ ಹೊರಿಯಾ. ಬೆರೆಸಲೂಬಹುದು. ನನ್ನ ಈಗಿನ ಉಗ್ರಾಣ ಅಂಗಳದಲ್ಲಿ ಹಾನ್, ಹಿಂದೆ ಒಂದು ಎತ್ತರದ ಇಟ್ಟಿಗೆ ಗೋದಾಮು. ದಿನಬಳಕೆಯದು ಅಂಗಳಕ್ಕೆ, ಫಾರ್ಮ್ ಸರಕು ಗೋದಾಮಿಗೆ. ಎರಡಕ್ಕೂ ಒಳದಾರಿ ಬೇರೆ ಬೇರೆ, ಒಂದಕ್ಕೊಂದು ಸೇರಿಸಲು ಹೋಗಿ ಒಂದು ವಾರ ಹಾಳು ಮಾಡಿಕೊಂಡೆ.

ಯಾವುದೇ ಆಗಲಿ, ಗೋಡೆ ಎತ್ತುವ ಮುಂಚೆ ಕೆಲವು ಚಿಕ್ಕ ಕೆಲಸ ಇವೆ. ಜಾವಾ ಆವೃತ್ತಿಯಲ್ಲಿ ಎಫ್3 ಜೊತೆ ಜಿ ಒತ್ತಿ ಚಂಕ್ ಗಡಿ ನೋಡಿಕೊಳ್ಳಿ. ಹಾಪರ್‌ಗಳು ಸಾಲಾಗಿ ಬಂದಾಗ ಲ್ಯಾಗ್ ಆದರೆ ತೆರೆದ ಹಾಪರ್‌ಗಳ ಮೇಲೆ ಕಾಂಪೋಸ್ಟರ್ ಇಡಿ, ಮೇಲೆ ಬಿದ್ದ ಐಟಂ ಹುಡುಕುವ ಕೆಲಸ ಅವಕ್ಕೆ ತಪ್ಪುತ್ತದೆ. ಗೊಲೆಮ್ ಇಲ್ಲದ ಕಡೆ ಚೆಸ್ಟ್ ಬದಲು ಬ್ಯಾರೆಲ್ ನೋಡಿ, ಮೇಲೆ ಬ್ಲಾಕ್ ಇದ್ದರೂ ತೆರೆಯುತ್ತದೆ, ಬೆಕ್ಕು ಬಂದು ಕೂತರೂ ತೆರೆಯುತ್ತದೆ. ಚೆಸ್ಟ್ ಮೇಲೆ ಬೆಕ್ಕು ಕೂತರೆ ಅದು ಏಳುವ ತನಕ ನೀವು ಕಾಯಬೇಕು. ಆಮೇಲೆ ಒಂದೇ ಒಂದು ಪಟ್ಟಿ ಕಟ್ಟಿ, ಅದರ ಚೆಸ್ಟ್ ತುಂಬಿ ತುಳುಕುವವರೆಗೆ ಕಲ್ಲು ಸುರಿದು ನೋಡಿ. ತುಂಬಿದ ಮೇಲೆ ಸಿಗ್ನಲ್ ಏರಿ ಪಕ್ಕದ ಪಟ್ಟಿಯ ಬೀಗವನ್ನೂ ತೆಗೆಯುವ ವಿನ್ಯಾಸಗಳು ಬಹಳ ಇವೆ. ಅದು 1 ಪಟ್ಟಿಯಲ್ಲಿ ಗೊತ್ತಾದರೆ ಹತ್ತು ನಿಮಿಷದ ಕೆಲಸ, 100 ಪಟ್ಟಿ ಆದ ಮೇಲೆ ಗೊತ್ತಾದರೆ ಒಂದೊಂದು ಹಾಪರ್ ತೆರೆದು 41 ಎಣಿಸುತ್ತಾ ಕೂರಬೇಕು.